ಖಾಲಿ ಎಂದ ಡಿಸ್ಕು

ಹನ್ನೊಂದನೇ ದಿನದ ಕಾರ್ಯ ಮುಗಿಸಿ ಸಮಾಧಿಯಿಂದ ಮನೆಗೆ ಬರುವಷ್ಟರಲ್ಲಿ, ನನ್ನ ಹೆಂಡತಿಯ ಸೀರೆಗಳ ಜೊತೆ ಅವಳ ಕಂಪ್ಯೂಟರನ್ನೂ ಕೊಟ್ಟುಬಿಟ್ಟಿದ್ದರು.

ಯಾರು ಕೊಟ್ಟರು, ಯಾಕೆ ಕೊಟ್ಟರು ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಅದು ಏನಾಗಿತ್ತು ಎಂದು ಹೇಳಬೇಕು. ಕೊಟ್ಟವರಿಗೂ ತೆಗೆದುಕೊಂಡು ಹೋದವರಿಗೂ ಅದು ಗೊತ್ತಿರಲಿಲ್ಲ, ಕೇಳುವ ತಾಳ್ಮೆಯೂ ಇರಲಿಲ್ಲ. ನಾನು ಹೆಚ್ಚು ಓದಿದವನಲ್ಲ. ಎಸ್ಸೆಸ್ಸೆಲ್ಸಿ ಆದ ಮೇಲೆ ಐಟಿಐ ಮಾಡಿ, ಈಗ ಯಶವಂತಪುರದ ಒಂದು ಗೋಡೌನಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತೇನೆ. ಮನೆಯಲ್ಲಿ ಲಿನಕ್ಸ್ ಬಳಸುವುದರ ಬಗ್ಗೆ ಬರೆಯಲು ಇವನ್ಯಾರು ಎಂದು ಯಾರಾದರೂ ಕೇಳಬಹುದು. ಕೇಳಲಿ. ಸರಿಯಾಗಿ ಬರೆಯಬಲ್ಲವಳು ಬರೆಯಲು ಉಳಿಯಲಿಲ್ಲ.

ಅವಳು ಯಲಹಂಕದ ಕಡೆಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಸಹಾಯಕಿಯಾಗಿದ್ದಳು. ಬೆಳಿಗ್ಗೆ ಹೋಗಿ ಬೀಗ ತೆಗೆಯುವುದು, ಕೆಟ್ಟ ಮೌಸು ಬದಲಾಯಿಸುವುದು, ಹುಡುಗರು ತುಂಬಿಸಿಟ್ಟ ಬೇಡದ್ದನ್ನೆಲ್ಲ ಅಳಿಸುವುದು ಅವಳ ಕೆಲಸ. ಒಮ್ಮೆ ಕಾಲೇಜಿನವರು ಹಳೆಯ ಯಂತ್ರಗಳನ್ನು ಗುಜರಿಗೆ ಹಾಕಿದಾಗ ಅವಳು ಒಂದನ್ನು ಕೊಂಡುಕೊಂಡು, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಕೋಗಿಲಿನ ನಮ್ಮ ಮನೆಗೆ ತಂದಳು. ಆ ಯಂತ್ರಕ್ಕೆ ಯಾವ ರೋಗವೂ ಇರಲಿಲ್ಲ. ಹೊಸ ವಿಂಡೋಸ್ ಅದರಲ್ಲಿ ಹಿಡಿಸುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅದು ಗುಜರಿಯಾಗಿತ್ತು.

"ನಡೀತಿರೋದನ್ನ ಸತ್ತೋಗಿದೆ ಅಂತಾರಲ್ರೀ ಇವ್ರು," ಎಂದು ಅದರ ಧೂಳು ಒರೆಸುತ್ತಾ ಬೈದುಕೊಂಡಳು. ಅದೇ ಸಂಜೆ, ವಿಂಡೋಸಿನ ಬದಲು ಕಂಪ್ಯೂಟರ್ ನಡೆಸುವ ಪುಕ್ಕಟೆ ತಂತ್ರಾಂಶವಾದ ಲಿನಕ್ಸನ್ನು ಅದಕ್ಕೆ ಹಾಕಿದಳು. ಅದಕ್ಕೆ ಒಂದು ಪೆನ್‌ಡ್ರೈವ್ ಸಾಕಾಯಿತು. ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಆಮೇಲೆ ಪರದೆಯ ಚಿತ್ರ ಚೆನ್ನಾಗಿ ಮೂಡಲೆಂದು ಒಂದು ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಹುಡುಕಿ ಹಾಕಿದಳು. ಕಾರ್ಡು ಕೊಳ್ಳುವ ಮೊದಲು, ಅದನ್ನು ನಡೆಸುವ ಡ್ರೈವರ್ ಲಿನಕ್ಸಿನ ಒಳಗೇ ಬರುತ್ತದೆಯೋ ಇಲ್ಲವೋ ನೋಡಬೇಕು ಎಂದು ಅವಳು ಹೇಳುತ್ತಿದ್ದಳು. ಬಂದರೆ ತಲೆನೋವಿಲ್ಲ. ಬರದಿದ್ದರೆ ಪ್ರತಿ ಅಪ್‌ಡೇಟ್ ಆದಾಗಲೂ ಪರದೆ ಕಪ್ಪಾಗಿದೆಯೇ ಎಂದು ಹೆದರಿಕೊಂಡೇ ಆನ್ ಮಾಡಬೇಕು. ಯಂತ್ರಕ್ಕೆ ಎರಡು ಡಿಸ್ಕು ಜೋಡಿಸಿದಳು. ಚಿಕ್ಕ, ವೇಗದ ಡಿಸ್ಕಿನಲ್ಲಿ ಲಿನಕ್ಸ್ ಮತ್ತು ಗೇಮ್‌ಗಳು. ದೊಡ್ಡ ಡಿಸ್ಕಿನಲ್ಲಿ ನಮ್ಮ ಫೋಟೊಗಳು, ಹಾಡು, ವಿಡಿಯೋ, ಕಾಗದಪತ್ರದ ನಕಲು.

ಹೌದು, ಗೇಮ್‌ಗಳು. ಅವಳು ಗೇಮ್ ಆಡುತ್ತಿದ್ದಳು. ಇದನ್ನು ಹೇಳಿದ ಕೂಡಲೇ ಜನರ ಮುಖದಲ್ಲಿ ಒಂದು ನಗು ಬರುತ್ತದೆ. ಆ ನಗುವನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಮಗೆ ಮಕ್ಕಳಾಗಲಿಲ್ಲ. ಅವಳು ಕಂಟ್ರೋಲರ್ ಹಿಡಿದು ಕೂತಿದ್ದನ್ನು ಕಂಡ ನೆಂಟರೊಬ್ಬರು, "ಪಾಪ, ಹೊತ್ತು ಹೋಗ್ಬೇಕಲ್ಲ," ಎಂದು ನನಗೂ ಕೇಳಿಸುವ ಹಾಗೆ ಅಂದಿದ್ದರು. ಗಂಡಸರು ಬಾರಿನಲ್ಲಿ ಕೂತು ಹೊತ್ತು ಕಳೆದರೆ ಯಾರೂ ಪಾಪ ಅನ್ನುವುದಿಲ್ಲ.

ನಾವಿಬ್ಬರೂ ಸೇರಿ ಆಡುತ್ತಿದ್ದದ್ದು ಒಂದು ಹೊಲದ ಆಟ. ಪಾಳುಬಿದ್ದ ಜಮೀನೊಂದನ್ನು ಹಸನು ಮಾಡಿ, ಬಿತ್ತಿ, ಬೆಳೆದು, ಕೋಳಿ ಸಾಕಬೇಕು. ಅದು ವಿಂಡೋಸಿಗಾಗಿ ಮಾಡಿದ ಆಟ. ಅಂಥ ಆಟಗಳನ್ನು ಲಿನಕ್ಸಿನಲ್ಲಿ ನಡೆಸಲು ನಡುವೆ ದುಭಾಷಿಯ ಕೆಲಸ ಮಾಡುವ ಒಂದು ತಂತ್ರಾಂಶವಿದೆ, ಈಗ ಗೇಮ್ ಮಾರುವ ಆ್ಯಪ್ ಅದನ್ನು ತಾನೇ ಹಾಕಿಕೊಳ್ಳುತ್ತದೆ. ಆದರೆ ಎಲ್ಲ ಆಟವೂ ನಡೆಯುವುದಿಲ್ಲ. ಗುಂಪು ಕಟ್ಟಿಕೊಂಡು ಗುಂಡು ಹೊಡೆಯುವ ಕೆಲವು ಆಟಗಳಲ್ಲಿ ಮೋಸಗಾರರನ್ನು ಹಿಡಿಯಲು ಒಂದು ಕಾವಲು ಇಟ್ಟಿರುತ್ತಾರೆ. ಆ ಕಾವಲು ಲಿನಕ್ಸ್ ಕಂಡರೆ ಕಳ್ಳ ಬಂದ ಎಂದೇ ತಿಳಿದು ಹೊರಗೆ ತಳ್ಳುತ್ತದೆ. ದುಡ್ಡು ಕೊಡುವ ಮೊದಲು, ಬೇರೆಯವರು ಅದನ್ನು ಲಿನಕ್ಸಿನಲ್ಲಿ ಆಡಿ ಏನು ಬರೆದಿದ್ದಾರೆ ಎಂದು ನೆಟ್ಟಿನಲ್ಲಿ ಓದಬೇಕು. ಅವಳು ಓದದೆ ಒಂದು ಗೇಮನ್ನೂ ಕೊಂಡವಳಲ್ಲ.

ಪಕ್ಕದ ಮನೆಯಲ್ಲೇ ಇರುವ ನಮ್ಮ ದೊಡ್ಡಮ್ಮ ಸಂಜೆ ಹೊತ್ತು ಬಂದು ಈ ಹೊಲವನ್ನು ನೋಡುತ್ತಾ ಕೂರುತ್ತಿದ್ದರು. ಕೋಗಿಲಿನಲ್ಲಿ ಲೇಔಟ್ ಆಗುವ ಮೊದಲು ನಿಜವಾದ ಹೊಲದಲ್ಲಿ ಕಳೆ ಕಿತ್ತವರು ಅವರು.

"ಅಲ್ಲ ಕಣೇ, ನಿನ್ನೆ ಆಕಿದ್ದು ಇವತ್ತು ಇಷ್ಟುದ್ದ ಬಂದೈತಲ್ಲ, ಏನ್ ಗೊಬ್ಬರ ಇಕ್ಕಿದೀಯ?"

"ಕಂಪನಿ ಗೊಬ್ಬರ ದೊಡ್ಡತ್ತೆ."

"ಕೋಳಿಗೆ ರೋಗ ಬರಾಕಿಲ್ವಾ?"

"ಬರಲ್ಲ."

"ಅಂಗಾದ್ರೆ ಇದು ಸುಳ್ಳು ಹೊಲ," ಎಂದು ತೀರ್ಪು ಕೊಟ್ಟು, ಮಾರನೆಯ ದಿನ ಮತ್ತೆ ಬಂದು ಕೂರುತ್ತಿದ್ದರು.

ದೊಡ್ಡ ಡಿಸ್ಕಿನ ವಿಷಯ ಬೇರೆ. ಫೋಟೊಗಳನ್ನು ಯಾವುದೋ ಕಂಪನಿಯ ಕಂಪ್ಯೂಟರಿನಲ್ಲಿ ಇಡುವ ಬದಲು ನಮ್ಮ ಮನೆಯ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳುವುದಕ್ಕೆ ಸೆಲ್ಫ್ ಹೋಸ್ಟಿಂಗ್ ಎನ್ನುತ್ತಾರೆ. ಜಾಗ ತುಂಬಿದೆ, ತಿಂಗಳಿಗೆ ಇಷ್ಟು ಕಟ್ಟು, ಇಲ್ಲದಿದ್ದರೆ ಹೊಸ ಫೋಟೊ ತೆಗೆದುಕೊಳ್ಳುವುದಿಲ್ಲ ಎಂದು ಫೋನು ಕಾಟ ಕೊಡಲು ಶುರುಮಾಡಿದಾಗ ಅವಳಿಗೆ ಸಿಟ್ಟು ಬಂತು. "ನಮ್ಮ ಮದುವೆ ಫೋಟೊ ನೋಡೋಕೆ ನಾನು ಬಾಡಿಗೆ ಕಟ್ಬೇಕಾ?" ಎಂದಳು. ಅಂದಿನಿಂದ, ನಮ್ಮ ಫೋನುಗಳು ಮನೆಯ ವೈಫೈ ಸಿಕ್ಕ ಕೂಡಲೇ ಫೋಟೊಗಳನ್ನು ತಾವಾಗಿ ಆ ಕಂಪ್ಯೂಟರ್ ಪೆಟ್ಟಿಗೆಗೆ ಕಳಿಸುವ ಹಾಗೆ ಮಾಡಿದಳು. ಪೆಟ್ಟಿಗೆಯನ್ನು ವೈಫೈಗೆ ಬಿಡದೆ ರೂಟರಿಗೆ ತಂತಿಯಲ್ಲೇ ಸಿಕ್ಕಿಸಿದಳು. ರೂಟರಿನಲ್ಲಿ ಅದಕ್ಕೆ ಒಂದು ಕಾಯಂ ವಿಳಾಸ ಕೊಟ್ಟಳು, ಇಲ್ಲದಿದ್ದರೆ ಕರೆಂಟು ಹೋಗಿ ಬಂದಾಗಲೆಲ್ಲ ವಿಳಾಸ ಬದಲಾಗಿ ಫೋನು ದಾರಿ ತಪ್ಪುತ್ತದೆ. ನಮ್ಮ ಕಡೆ ಕರೆಂಟು ಹೋಗುವುದು ಗೊತ್ತೇ ಇದೆ, ಹಾಗಾಗಿ ಒಂದು ಚಿಕ್ಕ ಯುಪಿಎಸ್. ಹೊರಗಿನಿಂದ ನೋಡಲು ಅನುಕೂಲ ಎಂದು ರೂಟರಿನಲ್ಲಿ ಬಾಗಿಲು ತೆರೆದಿಡಬಾರದು, ಪ್ರಪಂಚದ ಕಳ್ಳರೆಲ್ಲ ಆ ಬಾಗಿಲನ್ನು ತಟ್ಟುತ್ತಾರೆ ಎಂದು ನನಗೆ ಹೇಳಿಕೊಟ್ಟಳು. ಫೋನಿನಿಂದ ಪೆಟ್ಟಿಗೆಯವರೆಗೆ ನಮಗೆ ಮಾತ್ರ ಕಾಣುವ ಒಂದು ಖಾಸಗಿ ದಾರಿ ಹಾಕಿದಳು. ಪಾಸ್‌ವರ್ಡನ್ನು ಮಾತ್ರ ನನ್ನ ಕೈಯಲ್ಲೇ ಟೈಪ್ ಮಾಡಿಸಿದಳು. "ನಿಮ್ಗೂ ಗೊತ್ತಿರ್ಲಿ," ಎಂದಳು. ಆ ಮಾತಿಗೆ ಆಗ ನಾನು ಯಾವ ಅರ್ಥವನ್ನೂ ಹಚ್ಚಲಿಲ್ಲ. ಅವಳೂ ಹಚ್ಚಿರಲಿಲ್ಲ.

ಆ ಡಿಸ್ಕಿನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚಿನದಾಗಿದ್ದದ್ದು ಮದುವೆಯ ಫೋಟೊ ಅಲ್ಲ. ತವರಿಗೆ ಹೋಗುವಾಗ ಅವಳು ನನಗಾಗಿ ಅಡುಗೆಯ ಪುಟ್ಟ ವಿಡಿಯೋಗಳನ್ನು ಮಾಡಿಟ್ಟು ಹೋಗುತ್ತಿದ್ದಳು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಸೌಟು. ಮುಖ ಕಾಣುವುದೇ ಕಡಿಮೆ, ಪಾತ್ರೆ ಮತ್ತು ಬಳೆ ಕಾಣುತ್ತದೆ, ದನಿ ಕೇಳುತ್ತದೆ. "ಈಗ ಉಪ್ಪು. ಇಷ್ಟೇ. ಮೊನ್ನೆ ಥರ ಸುರೀಬೇಡಿ." ಅವಳ ಫೋನಿನಲ್ಲಿ ಜಾಗ ಕಡಿಮೆ, ಪೆಟ್ಟಿಗೆಗೆ ಬಂದದ್ದನ್ನೆಲ್ಲ ಫೋನಿನಿಂದ ಅಳಿಸಿಬಿಡುತ್ತಿದ್ದಳು. ಹಾಗಾಗಿ ಆ ದನಿ ಇದ್ದದ್ದು ಪ್ರಪಂಚದಲ್ಲಿ ಒಂದೇ ಕಡೆ.

ಒಂದೇ ಕಡೆ ಇಡಬಾರದೆಂದು ಅವಳಿಗೆ ಗೊತ್ತಿತ್ತು. ಲ್ಯಾಬಿನ ಹುಡುಗರಿಗೆ ದಿನಾ ಬೈಯುತ್ತಿದ್ದದ್ದೇ ಅದಕ್ಕೆ. ಇನ್ನೊಂದು ಡಿಸ್ಕು ಕೊಂಡು, ಎಲ್ಲವನ್ನೂ ನಕಲು ಮಾಡಿ, ಬೇರೆ ಮನೆಯಲ್ಲಿ ಇಡಬೇಕು ಎನ್ನುತ್ತಿದ್ದಳು. ಗೇಮ್‌ನಲ್ಲಿ ನಾವು ಆಡಿ ಉಳಿಸಿದ್ದು ಚಿಕ್ಕ ಡಿಸ್ಕಿನ ಒಂದು ಬಚ್ಚಿಟ್ಟ ಫೋಲ್ಡರಿನಲ್ಲಿರುತ್ತದೆ, ಅದನ್ನೂ ಸೇರಿಸಬೇಕು ಎನ್ನುತ್ತಿದ್ದಳು. ಮುಂದಿನ ತಿಂಗಳು, ಮುಂದಿನ ತಿಂಗಳು ಎಂದು ದೂಡಿದಳು. ಅವಳ ಮೇಲೂ ನನಗೆ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎಂದು ನನಗೆ ಬುದ್ಧಿ ಹೇಳಿದವರ ಮೇಲೆ ಇನ್ನೂ ಹೆಚ್ಚಿಗೆ ಇದೆ.

ಜ್ವರ ಎಂದು ಆಸ್ಪತ್ರೆ ಸೇರಿದವಳು ವಾಪಸ್ ಬರಲಿಲ್ಲ. ಅಷ್ಟೇ. ಅದರ ಬಗ್ಗೆ ನಾನು ಬರೆಯಲಾರೆ.

ಈಗ ಹನ್ನೊಂದನೇ ದಿನಕ್ಕೆ ಬರುತ್ತೇನೆ. ಸಮಾಧಿಯ ಹತ್ತಿರದ ಪೂಜೆ ಮುಗಿಸಿ ಬಂದು ಕಾಲು ತೊಳೆದು ಒಳಗೆ ಹೋದರೆ, ಮೇಜಿನ ಮೇಲೆ ಧೂಳಿಲ್ಲದ ಒಂದು ಚೌಕ. ಪರದೆ, ಕೀಬೋರ್ಡು, ಯುಪಿಎಸ್ ಮಾತ್ರ ಉಳಿದಿದ್ದವು. ದೊಡ್ಡಮ್ಮ ಅಡುಗೆಮನೆಯಲ್ಲಿದ್ದರು.

"ದೊಡ್ಡಮ್ಮ, ಕಂಪ್ಯೂಟರ್ ಎಲ್ಲಿ?"

"ಅದಾ? ಸೀರೆ ಜೊತೆ ಅದ್ನೂ ಕೊಟ್ಬಿಟ್ವಿ ಕಣಪ್ಪ. ಸತ್ತೋಳು ಬಳಸಿದ್ದು ಮನೇಲಿ ಇಟ್ಕಬಾರ್ದು. ಅವಳ ಕೈ ಯಾವಾಗ್ಲೂ ಅದ್ರ ಮ್ಯಾಲೇ ಇರ್ತಿತ್ತು. ಆ ಆಸೆಗೆ ಇಲ್ಲೇ ಸುತ್ತುತಾ ಇರ್ತಾಳೆ, ಪಾಪ."

"ಫ್ರಿಜ್ಜೂ ಅವಳೇ ಬಳಸ್ತಿದ್ದಿದ್ದು. ಮಿಕ್ಸಿನೂ ಅವಳದೇ. ಅವನ್ನ ಯಾಕೆ ಕೊಡ್ಲಿಲ್ಲ?"

"ಅವು ಎಲ್ಲಾರ್ಗೂ ಬೇಕಾದವು. ಇಂಗೆಲ್ಲಾ ಮಾತಾಡಬ್ಯಾಡ ಇವತ್ತು."

ಬಳಸಿದ್ದನ್ನು ಕೊಡುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಸೀರೆ, ಚಪ್ಪಲಿ, ಹಾಸಿಗೆ, ಕೊಡೆ. ನನಗೆ ಅದರ ಮೇಲೆ ದೂರಿಲ್ಲ. ಉಟ್ಟ ಸೀರೆ ಕೊಟ್ಟರೆ ಇನ್ನೊಬ್ಬರು ಉಡುತ್ತಾರೆ. ಆದರೆ ಯಾವ ಮನೆಯಲ್ಲೂ, ಸತ್ತವರು ಬಳಸಿದರು ಎಂದು ಅವರ ಫೋಟೊ ಆಲ್ಬಮನ್ನು ದಾನ ಕೊಡುವುದನ್ನು ನಾನು ಕೇಳಿಲ್ಲ. ಆಲ್ಬಮ್ಮು ಕಬ್ಬಿಣದ ಪೆಟ್ಟಿಗೆಯೊಳಗಿದ್ದರೆ ಮಾತ್ರ ಅದು ಹಾಸಿಗೆಯ ಲೆಕ್ಕಕ್ಕೆ ಸೇರುತ್ತದೆಯೇ?

ತೆಗೆದುಕೊಂಡು ಹೋದವನು ನನ್ನ ಭಾಮೈದ, ಅವಳ ತಮ್ಮ. ಕೆಂಪಾಪುರದಲ್ಲಿ ಅವನ ಮನೆ. ಪೆಟ್ಟಿಗೆಯನ್ನು ಕಾರಿನಲ್ಲಿ ಇಟ್ಟುಕೊಂಡು ಹೋಗಿ, ಊಟದ ಹೊತ್ತಿಗೆ ವಾಪಸ್ ಬಂದು, ಪಂಕ್ತಿಯಲ್ಲಿ ನೀರು ಬಡಿಸುತ್ತಿದ್ದ.

"ಭಾವ, ನಮ್ಮ ಬೀದಿ ಬೇಕರಿ ಪಕ್ಕ ಒಂದು ಸರ್ವಿಸ್ ಅಂಗಡಿ ಇದೆ, ಅಲ್ಲಿ ಕೊಟ್ಟಿದೀನಿ. ಅದ್ರಲ್ಲಿ ಲಿನಕ್ಸ್ ಅಂತೆ, ಅದು ಯಾರಿಗೂ ಬರಲ್ಲ. ವಿಂಡೋಸ್ ಹಾಕ್ಸಿ ಓದೋ ಮಕ್ಕಳಿರೋ ಮನೆಗೆ ಕೊಡೋಣ ಅಂತ. ಅಕ್ಕನ ಹೆಸರಲ್ಲಿ."

"ಅದ್ರೊಳಗೆ ಇದ್ದದ್ದು?"

"ಏನಿತ್ತು ಭಾವ? ಗೇಮ್ ತಾನೆ?"

ನನಗೆ ಎಲೆ ಹಾಕಿದ್ದರು. ಬಡಿಸಲು ಶುರುಮಾಡಿದ್ದರು. ಆ ಎಲೆಯನ್ನು ದಾಟಿ ನಾನು ಸ್ಕೂಟರಿನ ಕೀಲಿ ತೆಗೆದುಕೊಂಡೆ. ಹಿಂದಿನಿಂದ ಯಾರೋ, "ಊಟ ಬಿಟ್ಟು ಎದ್ದೋಗ್ಬಾರ್ದು, ಇವತ್ತು ಹೊಸ್ತಿಲು ದಾಟ್ಬಾರ್ದು," ಎಂದು ಕೂಗಿದರು. ಏನು ಮಾಡಬಾರದು ಎಂದು ಅವತ್ತು ಎಲ್ಲರಿಗೂ ಗೊತ್ತಿತ್ತು. ಮನೆಯ ಯಜಮಾನನನ್ನು ಒಂದು ಮಾತು ಕೇಳಬೇಕು ಎಂಬುದೊಂದು ಬಿಟ್ಟು.

ಏರ್‌ಪೋರ್ಟ್ ರಸ್ತೆಯ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಜಕ್ಕೂರು ದಾಟಿ, ಟೆಂಪೋಗಳ ಸಂದಿಯಲ್ಲಿ ನುಗ್ಗಿ ಕೆಂಪಾಪುರ ಮುಟ್ಟಿದೆ. ಅಂಗಡಿ ಒಂದು ಮೊಬೈಲ್ ಅಂಗಡಿಗೂ ಬೇಕರಿಗೂ ನಡುವೆ ಇತ್ತು. ಅಂಗಡಿಯವನು ಸುಮಾರು ಮೂವತ್ತರವನು, ಒಂದು ಕಿವಿಯಲ್ಲಿ ಇಯರ್‌ಫೋನು. ನಮ್ಮ ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆದಿಟ್ಟಿದ್ದ. ದೊಡ್ಡ ಡಿಸ್ಕನ್ನು ಹೊರಗೆ ಎಳೆದು, ಒಂದು ವೈರಿನಿಂದ ಅವನ ಕಂಪ್ಯೂಟರಿಗೆ ಸಿಕ್ಕಿಸಿದ್ದ. ಪರದೆಯ ಮೇಲೆ ಒಂದು ಪುಟ್ಟ ಚೌಕ ಮೂಡಿತ್ತು. ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಅದು ಕೇಳುತ್ತಿತ್ತು. ಫಾರ್ಮ್ಯಾಟ್ ಎಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದಾಗಿ ಗೆರೆ ಹಾಕುವುದು. ಅವನ ಕೈ ಮೌಸಿನ ಮೇಲಿತ್ತು.

"ಇದು ನಮ್ಮ ಮನೆ ಕಂಪ್ಯೂಟರು," ಎಂದೆ.

"ಓ, ಬನ್ನಿ ಸರ್. ಚಿಕ್ಕದಕ್ಕೆ ಹಳೇ ವಿಂಡೋಸ್ ಹಾಕಾಯ್ತು, ಸಖತ್ ಸ್ಪೀಡು. ಈ ದೊಡ್ಡದ್ರಲ್ಲಿ ಏನೂ ಇಲ್ಲ. ಖಾಲಿ. ಫಾರ್ಮ್ಯಾಟ್ ಕೇಳ್ತಿದೆ ನೋಡಿ, ಒಂದ್ ನಿಮಿಷ."

"ಮುಟ್ಬೇಡಿ."

"ಏನ್ ಸರ್?"

"ಮೌಸಿಂದ ಕೈ ತೆಗೀರಿ."

ಅವನು ಇಯರ್‌ಫೋನ್ ತೆಗೆದು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ಹೆಗಲ ಮೇಲೆ ಒದ್ದೆ ಪಂಚೆ, ಹಣೆಯಲ್ಲಿ ವಿಭೂತಿ. "ಕೂತ್ಕೊಳ್ಳಿ ಸರ್, ನೀರ್ ಕುಡೀರಿ," ಎಂದ.

"ಖಾಲಿ ಅಂತ ಯಾರು ಹೇಳಿದ್ರು ನಿಮ್ಗೆ?"

"ಸಿಸ್ಟಮ್ಮೇ ಹೇಳ್ತಿದೆಯಲ್ಲ ಸರ್."

"ಅದು ಖಾಲಿ ಅಂತ ಎಲ್ಲಿ ಹೇಳಿದೆ? ಅಳಿಸ್ಲಾ ಅಂತ ಕೇಳಿದೆ. ಅದಕ್ಕೆ ಓದೋಕೆ ಬರಲ್ಲ ಅಷ್ಟೆ. ಒಳಗೆ ಎಲ್ಲಾ ಇದೆ."

"ಎರಡೂ ಒಂದೇ ಸರ್. ಇಂಥಾ ಡಿಸ್ಕ್ ಎಷ್ಟ್ ನೋಡಿದೀನಿ ನಾನು."

"ಹಾಗಾದ್ರೆ ಎಷ್ಟ್ ಮನೇದು ಅಳ್ಸಿದೀರಾ?"

ಅವನಿಗೆ ಕೋಪ ಬಂತು. "ಏನ್ ಗುರು ನೀವು, ಕೊಟ್ಟೋರು ನೀವೇ, ಈಗ ಬಂದು ಬಾಯ್ ಮಾಡ್ತೀರಾ?" ಎಂದ. ಅದರಲ್ಲಿ ನ್ಯಾಯವಿತ್ತು. ಆದರೆ ಅವತ್ತು ನನ್ನಲ್ಲಿ ನ್ಯಾಯಕ್ಕೆ ಜಾಗ ಇರಲಿಲ್ಲ. ಡಿಸ್ಕಿನಿಂದ ವೈರನ್ನು ನಾನೇ ಕಳಚಿದೆ.

ಆ ಚೌಕದ ಬಗ್ಗೆ ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಲಿನಕ್ಸ್ ತನ್ನದೇ ಕ್ರಮದಲ್ಲಿ ಡಿಸ್ಕಿನ ಮೇಲೆ ಬರೆಯುತ್ತದೆ. ಸಾಮಾನ್ಯವಾಗಿ ವಿಂಡೋಸಿಗೆ ಆ ಬರಹ ಓದಲು ಬರುವುದಿಲ್ಲ. ಬರದಿದ್ದರೆ ತಪ್ಪಿಲ್ಲ, ನನಗೂ ಎಷ್ಟೋ ಬರುವುದಿಲ್ಲ. ಆದರೆ ನನಗೆ ಓದಲು ಬರುತ್ತಿಲ್ಲ ಎಂದು ಹೇಳಬೇಕಲ್ಲವೇ? ಕನ್ನಡ ಬಾರದವನೊಬ್ಬ ನಮ್ಮ ಮನೆಗೆ ಬಂದು, ಕಪಾಟಿನ ಪುಸ್ತಕ ತೆರೆದು, ಇದರಲ್ಲಿ ಏನೂ ಬರೆದಿಲ್ಲ, ಹರಿದು ಹಾಕಲೇ ಎಂದು ಕೇಳಿದರೆ ನಾವು ಸುಮ್ಮನಿರುತ್ತೇವೆಯೇ? ಮನೆಯಲ್ಲಿ ಲಿನಕ್ಸ್ ಇಟ್ಟುಕೊಂಡ ಪ್ರತಿಯೊಬ್ಬರೂ ತಿಳಿದಿರಬೇಕಾದ ಮೊದಲ ಸಂಗತಿ ಇದು. ಆ ಪ್ರಶ್ನೆಗೆ ಬೇಡ ಎನ್ನಿ. ಏನೇ ಆಗಲಿ ಬೇಡ ಎನ್ನಿ, ವೈರು ಕಳಚಿ, ಲಿನಕ್ಸ್ ಇರುವ ಯಂತ್ರಕ್ಕೆ ಸಿಕ್ಕಿಸಿ ನೋಡಿ. ಮನೆಯವರಿಗೂ ಹೇಳಿ. ನಮ್ಮಲ್ಲಿ ಅಂಗಡಿಯವರಿಗೆ ಯಂತ್ರ ಕೊಡುವುದೆಂದರೆ ಫಾರ್ಮ್ಯಾಟ್ ಮಾಡಿಸುವುದು ಎಂದೇ ಅರ್ಥ. ಏನು ತೊಂದರೆ ಎಂದು ಹೇಳಿದರೂ ಮದ್ದು ಅದೊಂದೇ.

ಪೆಟ್ಟಿಗೆ, ಡಿಸ್ಕು, ಸ್ಕ್ರೂಗಳು ಎಲ್ಲವನ್ನೂ ಸ್ಕೂಟರಿನ ಕಾಲಿಡುವ ಜಾಗದಲ್ಲಿ ಇಟ್ಟುಕೊಂಡು ಬಂದೆ. ಮನೆಯಲ್ಲಿ ಆಗಲೇ ಎಲ್ಲರೂ ಉಂಡಾಗಿತ್ತು. ನನ್ನ ಎಲೆ ಎತ್ತಿಬಿಟ್ಟಿದ್ದರು.

ಅವಳ ಕೈಚೀಲ ಮನೆಯಲ್ಲೇ ಉಳಿದಿತ್ತು. ಪಟ್ಟಿ ಕಿತ್ತುಹೋಗಿದ್ದರಿಂದ ಅದನ್ನು ಯಾರೂ ದಾನಕ್ಕೆ ತೆಗೆದುಕೊಂಡಿರಲಿಲ್ಲ. ಅದರಲ್ಲಿದ್ದ ಲ್ಯಾಬಿನ ಕೀಲಿಗೊಂಚಲಿನಲ್ಲಿ ಅವಳ ಪೆನ್‌ಡ್ರೈವ್ ಇತ್ತು. ಲಿನಕ್ಸನ್ನು ಯಂತ್ರಕ್ಕೆ ಹಾಕದೆ, ಪೆನ್‌ಡ್ರೈವಿನಿಂದಲೇ ಓಡಿಸಬಹುದು. ಅಂಥದ್ದೊಂದು ಮನೆಯಲ್ಲಿ ಸದಾ ಇರಬೇಕು. ಯಂತ್ರ ಕೆಟ್ಟಾಗ ಡಾಕ್ಟರೂ ಅದೇ, ಆಂಬ್ಯುಲೆನ್ಸೂ ಅದೇ. ಮನೆಯಲ್ಲಿ ಅವಳು ಮಾಡುತ್ತಿದ್ದದ್ದನ್ನು ನೋಡಿದ ನೆನಪಿನ ಮೇಲೆ ಡಿಸ್ಕನ್ನು ಒಳಗೆ ಕೂರಿಸಿ, ಪೆನ್‌ಡ್ರೈವ್ ಚುಚ್ಚಿ, ಆನ್ ಮಾಡಿದೆ. ಆನ್ ಆದ ಕೂಡಲೇ ಒಂದು ಬಟನ್ ಒತ್ತಿ, ಯಾವುದರಿಂದ ಶುರುವಾಗಬೇಕು ಎಂದು ಆರಿಸಬೇಕು. ಯಾವ ಬಟನ್ ಎಂಬುದು ನೆನಪಿಗೆ ಬರಲಿಲ್ಲ. ಎಲ್ಲವನ್ನೂ ಒತ್ತಿದೆ. ಮತ್ತೆ ಮತ್ತೆ ಆಫ್ ಮಾಡಿ ಆನ್ ಮಾಡಿದೆ.

ಕೊನೆಗೆ ಲಿನಕ್ಸ್ ಬಂತು. ದೊಡ್ಡ ಡಿಸ್ಕು ಎಡಗಡೆ ಕಾಣಿಸಿತು. ಒತ್ತಿದರೆ ತೆರೆಯಿತು. ಫೋಟೊ, ಹಾಡು, ಕಾಗದಪತ್ರ, ಅಡುಗೆ. ಖಾಲಿ ಎಂದಿದ್ದರಲ್ಲ, ಅದು ಮುಕ್ಕಾಲು ತುಂಬಿತ್ತು. ಅಡುಗೆಯ ಫೋಲ್ಡರಿನಲ್ಲಿ ಮೊದಲ ವಿಡಿಯೋ ಹಚ್ಚಿದೆ. "ರೀ, ಮೊದ್ಲು ಗ್ಯಾಸ್ ಆನ್ ಮಾಡಿ. ನಗಬೇಡಿ, ಹೋದ್ಸಲ ಮರೆತಿದ್ರಿ," ಎಂದಳು.

ಹೊರಗೆ ದೊಡ್ಡಮ್ಮ ಪಾತ್ರೆ ತೊಳೆಯುತ್ತಿದ್ದರು. ಆ ದನಿ ಕೇಳಿ ಪಾತ್ರೆಯ ಸದ್ದು ನಿಂತಿತು. ಒಳಗೆ ಬಂದು ಬಾಗಿಲ ಹತ್ತಿರ ನಿಂತರು.  ವಿಡಿಯೋ ಮುಗಿದ ಮೇಲೆ ಹೋಗಿ ನನಗೆ ಅನ್ನ ಹಾಕಿಕೊಂಡು ಬಂದರು.

ದೊಡ್ಡ ಡಿಸ್ಕು ಉಳಿಯಿತು. ಚಿಕ್ಕದು ಉಳಿಯಲಿಲ್ಲ. ಅದರಲ್ಲಿ ಲಿನಕ್ಸ್ ಇತ್ತು, ಅದನ್ನು ಮತ್ತೆ ಹಾಕಬಹುದು. ಗೇಮ್‌ಗಳಿದ್ದವು, ಅವನ್ನು ಮತ್ತೆ ಇಳಿಸಿಕೊಳ್ಳಬಹುದು. ನಮ್ಮ ಹೊಲ ಇತ್ತು. ಅದು ಹೋಯಿತು. ಮನೆಯಲ್ಲಿ ಲಿನಕ್ಸ್ ಬಳಸುವ ಜನ ನೆಟ್ಟಿನಲ್ಲಿ ಕೂಡುವ ಒಂದು ಗುಂಪಿನಲ್ಲಿ ಕೇಳಿದೆ. ಆ ಬಗೆಯ ವೇಗದ ಡಿಸ್ಕನ್ನು ಒರೆಸಿ ಮೇಲೆ ಇನ್ನೊಂದನ್ನು ಬರೆದರೆ ಹಳೆಯದು ಸಿಗುವುದು ಕಷ್ಟ, ಆಸೆ ಇಟ್ಟುಕೊಳ್ಳಬೇಡಿ ಎಂದು ಒಬ್ಬರು ಬರೆದರು. ಆದರೂ ಹೇಗೆ ಪ್ರಯತ್ನಿಸಬೇಕು ಎಂದು ತಾಳ್ಮೆಯಿಂದ ಹೇಳಿದರು. ಪ್ರಯತ್ನಿಸಿದೆ. ಸಿಗಲಿಲ್ಲ. ಮುಖ ನೋಡದ ಆ ಮನುಷ್ಯ ಕೊನೆಗೆ, ನಿಮ್ಮ ನಷ್ಟಕ್ಕೆ ನನಗೆ ದುಃಖವಿದೆ ಎಂದು ಬರೆದರು. ಹೊಲ ಹೋದದ್ದನ್ನು ನಷ್ಟ ಎಂದು ಕರೆದವರು ಅವರೊಬ್ಬರೇ.

ಉಳಿದವರೆಲ್ಲ ಬೇರೆ ಮಾತು ಹೇಳಿದರು. ಫೋಟೊ ಸಿಕ್ತಲ್ಲ, ಸಾಕು ಬಿಡಿ. ಗೇಮ್ ತಾನೆ. ಈ ವಯಸ್ಸಲ್ಲಿ ಗೇಮಿಗೆ ಅಳ್ತಾರಾ. ಗೋಡೌನಿನಲ್ಲಿ ನನ್ನ ಜೊತೆಯವನೊಬ್ಬ, "ಮತ್ತೆ ಹೊಸದಾಗಿ ಆಡು ಮಗಾ, ಅದೇ ಗೇಮ್ ಅಲ್ವಾ," ಎಂದ. ಅವನಿಗೆ ನಾನು ಏನು ಹೇಳಲಿ? ಫೋಟೊದಲ್ಲಿ ಅವಳು ಯಾರೋ ಹೇಳಿದ ಕಡೆ ನಿಂತು ನಗುತ್ತಾಳೆ. ಆ ಹೊಲದಲ್ಲಿ ಅವಳು ತನಗೆ ಬೇಕಾದ ಹಾಗೆ ಇದ್ದಳು. ಬೇಲಿಯನ್ನು ಯಾಕೆ ಅಲ್ಲಿ ಹಾಕಿದಳು, ಒಂದು ಮೂಲೆಯನ್ನು ಯಾಕೆ ಬಿತ್ತದೆ ಬಿಟ್ಟಳು ಎಂಬುದೆಲ್ಲ ಅವಳ ಯೋಚನೆ. ಅವಳ ಯೋಚನೆಯ ಒಳಗೆ ನಾನು ನಡೆದಾಡುತ್ತಿದ್ದ ಜಾಗ ಅದೊಂದೇ ಇತ್ತು. ಸೀರೆಯನ್ನು ಮಡಿಸಿ, ಕುಂಕುಮ ಹಚ್ಚಿ, ಗೌರವದಿಂದ ಕೊಟ್ಟರು. ಇದನ್ನು ನೋಡಲೂ ಇಲ್ಲ.

ಆಮೇಲೆ ನಾನೇ ಲಿನಕ್ಸ್ ಹಾಕಲು ಕಲಿತೆ. ಒಂದು ಸಲ ತಪ್ಪಾಗಿ, ಎರಡನೇ ಸಲ ಅರ್ಧ ಸರಿಯಾಗಿ. ಇದು ಕಷ್ಟ ಎನ್ನುವವರ ಮಾತು ನಂಬಬೇಡಿ. ಹಾಕುವಾಗ ಎಲ್ಲಿಗೆ ಹಾಕಲಿ ಎಂದು ಅದು ಕೇಳುತ್ತದೆ. ಅಲ್ಲೊಂದು ಕಡೆ ಮಾತ್ರ ಕಣ್ಣು ಬಿಟ್ಟು ಓದಬೇಕು. ನಾನಂತೂ ದೊಡ್ಡ ಡಿಸ್ಕನ್ನು ಬಿಚ್ಚಿ, ಬೇರೆ ಕೋಣೆಯಲ್ಲಿ ಇಟ್ಟು ಬಂದೇ ಹಾಕಿದೆ. ಈಗ ಆ ಡಿಸ್ಕಿನ ಮೇಲೆ ಬಿಳಿ ಪ್ಲಾಸ್ಟರು ಅಂಟಿಸಿ, ಅಳಿಸಬೇಡಿ, ಇದು ಲಿನಕ್ಸಿನ ಡಿಸ್ಕು, ವಿಂಡೋಸಿಗೆ ಕಾಣುವುದಿಲ್ಲ ಎಂದು ಕನ್ನಡದಲ್ಲಿ ಬರೆದಿದ್ದೇನೆ. ಇನ್ನೊಂದು ಡಿಸ್ಕು ಕೊಂಡು ಎಲ್ಲವನ್ನೂ ನಕಲು ಮಾಡಿದ್ದೇನೆ. ಅದು ಸಹಕಾರನಗರದಲ್ಲಿರುವ ನನ್ನ ತಂಗಿಯ ಮನೆಯ ಬೀರುವಿನಲ್ಲಿದೆ. ನಕಲು ಮಾಡಿದರೆ ಸಾಲದು, ಆಗಾಗ ಅದರಿಂದ ಒಂದು ಫೋಟೊ ತೆರೆದು ನೋಡಬೇಕು. ತೆರೆಯದ ನಕಲು ಇದೆ ಎಂದುಕೊಳ್ಳುವುದು ಬರೀ ಸಮಾಧಾನ. ಗೇಮ್ ಆಡುವವರು ಆಡಿ ಉಳಿಸಿದ ಫೋಲ್ಡರ್ ಎಲ್ಲಿದೆ ಎಂದು ಇವತ್ತೇ ಹುಡುಕಿ. ಕೆಲವು ಗೇಮ್‌ಗಳು ಅದನ್ನು ತಾವೇ ಬೇರೆಡೆ ಕಾಪಿಟ್ಟುಕೊಳ್ಳುತ್ತವೆ, ನಮ್ಮದು ಇಟ್ಟುಕೊಂಡಿರಲಿಲ್ಲ. ಮುಂದಿನ ತಿಂಗಳು ಮಾಡುತ್ತೇನೆ ಎನ್ನುವವರಿಗೆ ನನ್ನ ಹತ್ತಿರ ಹೇಳಲು ಬೇರೇನೂ ಇಲ್ಲ.

ವರ್ಷದ ಕಾರ್ಯ ಹತ್ತಿರವಾದಾಗ ಒಂದು ಭಾನುವಾರ ಭಾಮೈದ ಬಂದ. ಅವತ್ತಿನಿಂದ ನಮ್ಮ ನಡುವೆ ಫೋನಿನಲ್ಲಿ ಎರಡು ಮಾತು ಬಿಟ್ಟರೆ ಬೇರೆ ಇರಲಿಲ್ಲ. ಕೂತು, ಚಪ್ಪಲಿಯ ಕಡೆ ನೋಡುತ್ತಾ, "ಭಾವ, ಫ್ರೇಮ್ ಹಾಕ್ಸೋಕೆ ಅಕ್ಕಂದು ಒಂದು ಫೋಟೊ ಬೇಕಿತ್ತು. ನನ್ನ ಫೋನ್ ಬದಲಾಯಿಸ್ದಾಗ ಎಲ್ಲಾ ಹೋಯ್ತು. ಐಡಿ ಕಾರ್ಡಿಂದು ಒಂದಿದೆ ಅಷ್ಟೆ," ಎಂದ.

ನಾನು ಅವನನ್ನು ಮೇಜಿನ ಮುಂದೆ ಕೂರಿಸಿದೆ. ಅವನು ನೋಡುತ್ತಾ ಹೋದ. ಒಂದು ಕಡೆ ಅಕ್ಕ ತಮ್ಮ ಇಬ್ಬರೂ ತವರಿನ ಜಗಲಿಯಲ್ಲಿ ಹಲಸಿನ ಹಣ್ಣು ಬಿಡಿಸುತ್ತಾ ಜಗಳವಾಡುವ ವಿಡಿಯೋ ಇತ್ತು. "ನಿನ್ನ ಪಾಲು ತಿಂದಾಯ್ತಲ್ಲೋ, ಕೈ ತೆಗಿ," ಎಂದು ಅವಳು ಅವನ ಕೈಗೆ ಹೊಡೆಯುತ್ತಾಳೆ. ಅವನು ಅದನ್ನು ಮತ್ತೆ ಹಚ್ಚಿದ. ಕಣ್ಣು ಒರೆಸಿಕೊಂಡ.

ಅವನಿಗೆ ಬೇಕಾದ ಫೋಟೊಗಳನ್ನೂ ಆ ವಿಡಿಯೋವನ್ನೂ ಪೆನ್‌ಡ್ರೈವಿಗೆ ಹಾಕಿಕೊಟ್ಟೆ. ಅವನ ಮನೆಯಲ್ಲಿರುವುದು ವಿಂಡೋಸ್. ಹಾಗಾಗಿ ಎರಡೂ ಕಡೆ ಓದಲು ಬರುವ ಬಗೆಯಲ್ಲಿ ಪೆನ್‌ಡ್ರೈವನ್ನು ಸಿದ್ಧಮಾಡಿದೆ. ಲಿನಕ್ಸಿಗೆ ಅಷ್ಟು ಸೌಜನ್ಯ ಇದೆ.

"ತಪ್ಪಾಯ್ತು ಭಾವ," ಎಂದ.

ಇಂಥ ಮಾತಿಗೆ ಪರವಾಗಿಲ್ಲ ಬಿಡು ಎನ್ನುವುದು ರೂಢಿ.  

"ನಿಮ್ಮ ಅಕ್ಕನ ಹೊಲ ಹೋಯ್ತು ಕಣೋ," ಎಂದೆ. "ಅದು ವಾಪಸ್ ಬರಲ್ಲ."

"ಯಾವ ಹೊಲ ಭಾವ?"

ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಒಂದು ವರ್ಷದಲ್ಲಿ ಅದೇನು ಎಂದು ಕೇಳಿದ ಮೊದಲನೆಯವನು ಅವನೇ. ಕುರ್ಚಿ ಎಳೆದುಕೊಂಡು ಅವನ ಎದುರು ಕೂತೆ. ಹಳ್ಳ ಎಲ್ಲಿ ಹರಿಯುತ್ತಿತ್ತು, ಅದಕ್ಕೆ ಅವಳು ಯಾವ ಕಡೆ ಸೇತುವೆ ಹಾಕಿದಳು, ಕುಂಬಳದ ಸಾಲು ಎಲ್ಲಿಗೆ ಮುಗಿಯುತ್ತಿತ್ತು, ಸಂಜೆಯಾದರೆ ಹಸುಗಳು ಯಾವ ದಾರಿಯಲ್ಲಿ ಬರುತ್ತಿದ್ದವು ಎಂದು ಮೇಜಿನ ಮೇಲೆ ಬೆರಳಿನಲ್ಲಿ ಗೆರೆ ಎಳೆದು ಹೇಳಿದೆ. ಸಮಾಧಾನದಿಂದ ಹೇಳಲಿಲ್ಲ. ಸಿಟ್ಟಿನಲ್ಲೇ, ದನಿ ಏರಿಸಿಯೇ ಹೇಳಿದೆ. ಅವನು ಎದ್ದು ಹೋಗಲಿಲ್ಲ.